ಕೂದಲು ಉಳಿಸಲು ಹೋಗಿ ತಲೆ ಬೋಳಿಸಿಕೊಳ್ಳಬೇಡಿ: ಹೇರ್ ಕ್ಲಿನಿಕ್ ಮೆಟ್ಟಿಲು ಹತ್ತುವ ಮೊದಲು ಓದಬೇಕಾದ ಮಾರ್ಗದರ್ಶಿ

ಎರಡು ವರ್ಷದ ಹಿಂದಿನ ಮಾತು. ಬಚ್ಚಲಿನ ಜಾಲರಿ ತುಂಬ ಕೂದಲು. ದಿಂಬಿನ ಮೇಲೆ ಕೂದಲು. ಹೆಲ್ಮೆಟ್ ತೆಗೆದರೆ ಅದರೊಳಗೂ ಕೂದಲು. ಫೋನಿನಲ್ಲಿ ಒಂದೇ ಒಂದು ಸಲ ಹುಡುಕಿದ್ದೆ. ಮಾರನೇ ದಿನದಿಂದ ಎಲ್ಲಿ ನೋಡಿದರೂ 'ಉಚಿತ ಹೇರ್ ಚೆಕಪ್' ಜಾಹೀರಾತು. ಒಂದು ಶನಿವಾರ ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಹೋದೆ.

ಬಿಳಿ ಕೋಟು ಹಾಕಿದ್ದ ಒಬ್ಬರು ನಗುತ್ತಾ ಕೂರಿಸಿದರು, ಕಾಫಿ ಕೊಟ್ಟರು. ಮೊದಲ ಪ್ರಶ್ನೆ: 'ಮದುವೆ ಆಗಿದ್ಯಾ ಸರ್?' ಇಲ್ಲ ಎಂದೆ. 'ಮನೇಲಿ ಹುಡುಗಿ ನೋಡ್ತಿದ್ದಾರಾ?' ಹೂಂ ಎಂದೆ. ಅವರು ಏನೋ ಬರೆದುಕೊಂಡರು. ಮುಂದಿನ ಪ್ರಶ್ನೆ, 'ಬೋರ್‌ವೆಲ್ ನೀರಾ, ಕಾವೇರಿ ನೀರಾ?' ಇತ್ತೀಚೆಗೆ ಜ್ವರ ಬಂದಿತ್ತಾ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಯಾರೂ ಕೇಳಲಿಲ್ಲ. ಮುಕ್ಕಾಲು ಗಂಟೆಯಲ್ಲಿ 1,20,000 ರೂಪಾಯಿಯ ಪ್ಯಾಕೇಜ್ 'ಇವತ್ತಿಗೆ ಮಾತ್ರ' 64,000ಕ್ಕೆ ಇಳಿಯಿತು. ಇಎಂಐ ಅರ್ಜಿಯನ್ನೂ ಅವರೇ ತುಂಬಿದರು. ಕೊನೆಗೆ ಒಂದು ಓಟಿಪಿ ಬೇಕಿತ್ತು. ನೆಲಮಾಳಿಗೆಯ ಆ ಕೋಣೆಯಲ್ಲಿ ನೆಟ್‌ವರ್ಕ್ ಸಿಗಲಿಲ್ಲ. ಸಿಗ್ನಲ್ ಹುಡುಕುತ್ತಾ ರಸ್ತೆಗೆ ಬಂದವನು ಬಿಸಿಲಿಗೆ ಸ್ವಲ್ಪ ತಲೆ ತಿಳಿಯಾಗಿ ಹಾಗೇ ಮನೆಗೆ ಹೋದೆ.

ಮುಂದಿನ ವಾರ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆಯೇ, 'ಎರಡು ಮೂರು ತಿಂಗಳ ಹಿಂದೆ ಜ್ವರ ಏನಾದ್ರೂ ಬಂದಿತ್ತಾ?' ಬಂದಿತ್ತು, ಡೆಂಗಿ. ನನಗದು ನೆನಪೇ ಆಗಿರಲಿಲ್ಲ. ಡಾಕ್ಟರ ಫೀ 600 ರೂಪಾಯಿ.

ಇಬ್ಬರೂ ನೋಡಿದ್ದು ಒಂದೇ ತಲೆ. ಒಬ್ಬರು ಕಾಯಿಲೆ ಯಾವುದೆಂದು ಹುಡುಕಿದರು. ಇನ್ನೊಬ್ಬರು ಗಿರಾಕಿ ಎಷ್ಟು ಕೊಡಬಲ್ಲ ಎಂದು ಹುಡುಕಿದರು. ಕಾಯಿಲೆ ಹೇಳುವವರು ಬೇರೆ, ಪ್ಯಾಕೇಜ್ ಮಾರುವವರು ಬೇರೆ ಆಗಿರಬೇಕು. ಕೆಳಗಿನ ಹಂತಗಳೆಲ್ಲ ಆ ಎರಡು ಕೆಲಸಗಳನ್ನು ಬೇರೆ ಬೇರೆ ಇಡುವ ಉಪಾಯಗಳು.

ಹಂತ 1: ಮನೆಯಲ್ಲೇ ಕೂತು ಕ್ಯಾಲೆಂಡರ್ ನೋಡಿ

ಕ್ಲಿನಿಕ್‌ಗೆ ಫೋನ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕೂದಲು ಜಾಸ್ತಿ ಉದುರಲು ಶುರುವಾದ ತಿಂಗಳು ಯಾವುದು ಎಂದು ಬರೆಯಿರಿ. ಅಲ್ಲಿಂದ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ. ಆಗ ಏನಾಗಿತ್ತು? ಡೆಂಗಿ, ಟೈಫಾಯಿಡ್, ಕೋವಿಡ್? ಆಪರೇಷನ್? ಹೆರಿಗೆ? ಊಟ ಬಿಟ್ಟು ದಿಢೀರನೆ ತೂಕ ಇಳಿಸಿದ್ದು? ಮನೆಯಲ್ಲಿ ಸಾವು? ಹೊಸ ಮಾತ್ರೆ ಶುರು ಮಾಡಿದ್ದು, ಅಥವಾ ಹಳೆಯದನ್ನು ನಿಲ್ಲಿಸಿದ್ದು?

ಈ ಎರಡು ಮೂರು ತಿಂಗಳ ಲೆಕ್ಕಕ್ಕೆ ಕಾರಣ ಇದೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಒಂದೊಂದೂ ಕೆಲವು ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ನೆ ಕೂರುತ್ತದೆ, ಆಮೇಲೆ ಉದುರುತ್ತದೆ. ಅದೇ ಬೇರಿನಿಂದ ಹೊಸದು ಬರುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲಿ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಒಂದು ದೊಡ್ಡ ಪಾಲು ಒಟ್ಟಿಗೇ ಕೂತುಬಿಡುತ್ತದೆ. ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತದೆ. ಡಾಕ್ಟರುಗಳು ಇದನ್ನು ಟೆಲೋಜೆನ್ ಎಫ್ಲುವಿಯಂ ಎನ್ನುತ್ತಾರೆ. ಬೇರು ಸತ್ತಿರುವುದಿಲ್ಲ. ಕಾರಣ ಹೋದರೆ ಸಾಮಾನ್ಯವಾಗಿ ಆರು ತಿಂಗಳ ಒಳಗೆ ಉದುರುವುದು ನಿಲ್ಲುತ್ತದೆ, ಕೂದಲು ತಾನಾಗೇ ತುಂಬಿಕೊಳ್ಳುತ್ತದೆ. ಬಾಣಂತಿಯರ ಕೂದಲೂ ಹೀಗೆಯೇ. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಹಿಡಿ ಹಿಡಿಯಾಗಿ ಬರುತ್ತದೆ, ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಹುತೇಕರಿಗೆ ಸರಿಹೋಗುತ್ತದೆ.

ಈಗ ವ್ಯಾಪಾರದ ಗುಟ್ಟು ಗೊತ್ತಾಯಿತು ಅಲ್ವಾ? ಪ್ಯಾಕೇಜ್‌ಗಳು ಯಾಕೆ ಆರು ತಿಂಗಳು, ಒಂದು ವರ್ಷದವು ಇರುತ್ತವೆ? ಆರು ತಿಂಗಳಲ್ಲಿ ತಾನಾಗೇ ಬರುವ ಕೂದಲಿಗೆ ನೀವು ಅರವತ್ತು ಸಾವಿರ ಕಟ್ಟಿರುತ್ತೀರಿ. ಕೂದಲು ಬರುತ್ತದೆ. ನೀವು ಕ್ಲಿನಿಕ್‌ಗೆ ಐದು ನಕ್ಷತ್ರ ಕೊಡುತ್ತೀರಿ, 'ಮೊದಲು ಮತ್ತು ನಂತರ' ಫೋಟೋಗೆ ತಲೆ ಕೊಡುತ್ತೀರಿ. ಮುಂದಿನವನು ಆ ಫೋಟೋ ನೋಡಿ ಬರುತ್ತಾನೆ. ಇಲ್ಲಿ ಯಾರೂ ಸುಳ್ಳು ಹೇಳಬೇಕಾಗಿಯೇ ಇಲ್ಲ, ಅದೇ ಇದರ ಚಂದ.

ಹಾಳೆಯ ಇನ್ನೊಂದು ಬದಿಯಲ್ಲಿ ಮನೆತನದ ವಿಷಯ ಬರೆಯಿರಿ. ಅಪ್ಪ, ಅಜ್ಜ, ಸೋದರಮಾವ, ಚಿಕ್ಕಪ್ಪ, ಹಾಗೆಯೇ ಅಮ್ಮ, ಅಜ್ಜಿ. ಯಾರಿಗೆ ಎಷ್ಟನೇ ವಯಸ್ಸಿಗೆ ಕೂದಲು ತೆಳುವಾಯಿತು? ಆಮೇಲೆ ಕಿಟಕಿಯ ಬೆಳಕಿನಲ್ಲಿ ನಾಲ್ಕು ಫೋಟೋ: ಮುಂದಿನಿಂದ, ಎರಡು ಬದಿಯಿಂದ, ನೆತ್ತಿಯಿಂದ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ, ಒಣಗಿದ ಕೂದಲಿನಲ್ಲಿ. ಮುಂದೆ ಯಾರು ಏನೇ ಹೇಳಿದರೂ ನಿಮ್ಮ ಕೈಯಲ್ಲಿ ನಿಮ್ಮದೇ ದಾಖಲೆ ಇರುತ್ತದೆ.

ನೀರಿನ ಮಾತು ಬಂತಲ್ಲ, ಅದನ್ನೂ ಇಲ್ಲೇ ಮುಗಿಸಿಬಿಡೋಣ. ಗಡಸು ನೀರಿಗೆ ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಹಣೆಯ ಎರಡು ಮೂಲೆ ಹಿಂದೆ ಸರಿಯುವುದು, ನೆತ್ತಿ ಬೋಳಾಗುವುದು ಬೋರ್‌ವೆಲ್ಲಿನಿಂದಲ್ಲ. ಹಾಸನದಲ್ಲಿ ಹೇಮಾವತಿ ನೀರಿನಲ್ಲೇ ಮಿಂದ ನಮ್ಮ ದೊಡ್ಡಪ್ಪನಿಗೆ ಮೂವತ್ತಕ್ಕೇ ಬೊಕ್ಕತಲೆ.

ಹಂತ 2: ಮೊದಲು ಚರ್ಮದ ಡಾಕ್ಟರು, ಆಮೇಲೆ ಮಿಕ್ಕವರು

ಕೂದಲು ಉದುರುವುದಕ್ಕೆ ಹತ್ತಾರು ಕಾರಣ. ವಂಶದಿಂದ ಬರುವ ಬೊಕ್ಕತಲೆ ಒಂದು. ಅಲ್ಲಿ ಡಿಎಚ್‌ಟಿ ಎಂಬ ಹಾರ್ಮೋನಿಗೆ ಕೆಲವು ಬೇರುಗಳು ಸೂಕ್ಷ್ಮವಾಗಿರುತ್ತವೆ, ಕೂದಲು ವರ್ಷ ವರ್ಷ ಸಣ್ಣಗಾಗುತ್ತಾ ಹೋಗುತ್ತದೆ. ನಾಣ್ಯದಷ್ಟು ಗುಂಡಗೆ ಒಂದೇ ಕಡೆ ಖಾಲಿಯಾದರೆ ಅದು ಅಲೋಪೇಶಿಯಾ ಅರಿಯೇಟಾ ಇರಬಹುದು. ಮೈಯ ರಕ್ಷಣಾ ವ್ಯವಸ್ಥೆಯೇ ಬೇರಿನ ಮೇಲೆ ಬೀಳುವ ಕಾಯಿಲೆ ಅದು, ಅದರ ಚಿಕಿತ್ಸೆಯೇ ಬೇರೆ. ಮಕ್ಕಳ ತಲೆಯಲ್ಲಿ ಹೊಟ್ಟು, ತುಂಡು ಕೂದಲು ಇದ್ದರೆ ಫಂಗಸ್ ಇರಬಹುದು, ಮಾತ್ರೆಯಿಂದ ಹೋಗುತ್ತದೆ. ಹೆಂಗಸರಲ್ಲಿ ಕಬ್ಬಿಣದ ಕೊರತೆ, ಥೈರಾಯಿಡ್, ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ತೀರಾ ಸಾಮಾನ್ಯ.

ಒಂದು ಬಗೆ ಮಾತ್ರ ತಡ ಮಾಡುವಂಥದ್ದಲ್ಲ. ನೆತ್ತಿ ಉರಿಯುವುದು, ನೋಯುವುದು, ಕೆಂಪಾಗುವುದು, ಕೀವು, ಕೂದಲು ಹೋದ ಜಾಗದ ಚರ್ಮ ನುಣ್ಣಗೆ ಹೊಳೆಯುವುದು. ಅಲ್ಲಿ ಬೇರು ಕಲೆಗಟ್ಟಿ ಶಾಶ್ವತವಾಗಿ ಹೋಗುತ್ತಿರಬಹುದು. ಇಂಥ ತಲೆಗೆ ಸೀರಂ ಹಚ್ಚಿ ಆರು ತಿಂಗಳು ಕಳೆದರೆ ಹೋದದ್ದು ಹೋಯಿತು. ಮಾರಾಟದವರಿಂದ ಆಗುವ ನಷ್ಟ ಬರೀ ದುಡ್ಡಿನದಲ್ಲ ಎಂದು ನಾನು ಹೇಳುವುದು ಇದಕ್ಕೇ.

ಯಾರನ್ನು ನೋಡಬೇಕು? ಹೆಸರಿನ ಮುಂದೆ ಎಂಡಿ ಅಥವಾ ಡಿಎನ್‌ಬಿ ಡರ್ಮಟಾಲಜಿ ಇರಲಿ, ಇಲ್ಲವೇ ಚರ್ಮರೋಗದ ಡಿಪ್ಲೊಮಾ. 'ಟ್ರೈಕಾಲಜಿಸ್ಟ್' (ಕೂದಲಿನ ತಜ್ಞ) ಎಂಬ ಪದ ಇದ್ದ ಮಾತ್ರಕ್ಕೆ ಡಾಕ್ಟರು ಎಂದು ತಿಳಿಯಬೇಡಿ. ಸಣ್ಣ ಕೋರ್ಸ್ ಮಾಡಿದವರೂ ಆ ಬೋರ್ಡು ಹಾಕಿಕೊಳ್ಳುತ್ತಾರೆ. ಡಾಕ್ಟರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹಾಕಿ ನೋಡಬಹುದು. ದುಡ್ಡು ಕಷ್ಟ ಎನ್ನುವವರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮ ವಿಭಾಗ ಇದ್ದೇ ಇದೆ: ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ). ಸಾಲು ಉದ್ದ ಇರುತ್ತದೆ, ಕಾಫಿ ಕೊಡುವುದಿಲ್ಲ. ಆದರೆ ಅಲ್ಲಿ ಯಾರಿಗೂ ನಿಮಗೆ ಪ್ಯಾಕೇಜ್ ಮಾರುವ ದರ್ದಿಲ್ಲ.

ಒಳ್ಳೆಯ ಡಾಕ್ಟರು ಏನು ಮಾಡುತ್ತಾರೆ? ಪ್ರಶ್ನೆ ಕೇಳುತ್ತಾರೆ. ತಲೆ ಮುಟ್ಟಿ ನೋಡುತ್ತಾರೆ. ಐವತ್ತರಷ್ಟು ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ಎಷ್ಟು ಬರುತ್ತವೆ ಎಂದು ಎಣಿಸುತ್ತಾರೆ. ಬೇಕೆನಿಸಿದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಎಂದು ಹೇಳುವುದು), ಥೈರಾಯಿಡ್‌ನಂಥ ಕೆಲವು ರಕ್ತಪರೀಕ್ಷೆ ಬರೆಯುತ್ತಾರೆ. ಮೂವತ್ತು ನಲವತ್ತು ಪರೀಕ್ಷೆಯ 'ಹೇರ್ ಪ್ರೊಫೈಲ್' ಪ್ಯಾಕ್ ಬರೆದರೆ ಯಾಕೆಂದು ಒಂದೊಂದಕ್ಕೂ ಕೇಳಿ. ಹಾಂ, ಒಂದು ಮಾತು. ಅಂಗಡಿಯಿಂದ ತಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲು ಡಾಕ್ಟರಿಗೆ ಹೇಳಿ. ಜಾಸ್ತಿ ಬಯೋಟಿನ್ ಥೈರಾಯಿಡ್ ಪರೀಕ್ಷೆಯ ಫಲಿತಾಂಶವನ್ನೇ ಕೆಡಿಸಬಹುದು. ನಿಜವಾದ ಬಯೋಟಿನ್ ಕೊರತೆ ಅಪರೂಪ, ಮಾತ್ರೆ ಮಾರಾಟ ಮಾತ್ರ ಜೋರು.

ಹೊರಡುವ ಮೊದಲು ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ನು ಯಾವ ಕ್ಲಿನಿಕ್‌ಗೆ ಹೋದರೂ ಆ ಚೀಟಿ ನಿಮ್ಮ ಜೇಬಿನಲ್ಲಿರಲಿ. ಮೊದಲೇ ತೋರಿಸಬೇಡಿ. ಅವರು ಏನು ಹೇಳುತ್ತಾರೆ ಎಂದು ಕೇಳಿ, ಆಮೇಲೆ ಹೋಲಿಸಿ.

ಹಂತ 3: ಎದುರಿಗೆ ಕೂತವರು ಯಾರು ಎಂದು ಕೇಳಿ

ಕೋಟು ನೋಡಿ ಮೋಸ ಹೋಗುವುದು ಸುಲಭ. ಬಿಳಿ ಕೋಟು ಯಾರು ಬೇಕಾದರೂ ಹೊಲಿಸಬಹುದು. ನಾಚಿಕೆ ಬಿಟ್ಟು ಮೂರು ಪ್ರಶ್ನೆ ಕೇಳಿ.

'ನೀವು ಡಾಕ್ಟರಾ? ನಿಮ್ಮ ನೋಂದಣಿ ಸಂಖ್ಯೆ ಏನು?' ಡಾಕ್ಟರಾದವರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. 'ನಾನು ಸೀನಿಯರ್ ಹೇರ್ ಎಕ್ಸ್‌ಪರ್ಟ್', 'ಪೇಶೆಂಟ್ ಕೇರ್ ಮ್ಯಾನೇಜರ್' ಎಂದರೆ ಅದು ಮಾರಾಟದ ಹುದ್ದೆ ಎಂದು ಇಟ್ಟುಕೊಳ್ಳಿ.

'ಡಾಕ್ಟರು ನನ್ನನ್ನು ಯಾವಾಗ ನೋಡುತ್ತಾರೆ? ರೇಟು ಹೇಳುವ ಮೊದಲಾ, ಆಮೇಲಾ?' ಇದು ಮೂರರಲ್ಲಿ ಮುಖ್ಯ. ನಾನು ಹೋದ ಕಡೆ ಡಾಕ್ಟರು ಬಂದದ್ದು ಕೊನೆಗೆ, ಎರಡು ನಿಮಿಷಕ್ಕೆ. ಪ್ಯಾಕೇಜ್ ಹೆಸರು ಆಗಲೇ ಫೈಲಿನಲ್ಲಿತ್ತು. ಅವರು ತಲೆಯಾಡಿಸಿ ಸಹಿ ಹಾಕಿದರು. ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ.

'ನಿಮಗೆ ಇದರಲ್ಲಿ ಇನ್ಸೆಂಟಿವ್ ಇದೆಯಾ?' ಇದಕ್ಕೆ ನೇರ ಉತ್ತರ ಸಿಗುವುದು ಕಷ್ಟ. ಆದರೂ ಕೇಳಿ. ಉತ್ತರಕ್ಕಿಂತ ಆ ಹೊತ್ತಿನ ಮುಖ ಜಾಸ್ತಿ ಹೇಳುತ್ತದೆ. ಪಾಪ, ಆ ಹುಡುಗ ಹುಡುಗಿಯರನ್ನು ಬೈದು ಪ್ರಯೋಜನ ಇಲ್ಲ. ತಿಂಗಳ ಟಾರ್ಗೆಟ್ ಅವರ ತಲೆ ಮೇಲೆ ಕೂತಿರುತ್ತದೆ.

ಗೋಡೆಯ ಮೇಲೂ ಒಮ್ಮೆ ಕಣ್ಣಾಡಿಸಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಾಯಿಸಿರಬೇಕು, ಪ್ರಮಾಣಪತ್ರ ಮತ್ತು ದರಪಟ್ಟಿ ಕಾಣುವ ಹಾಗೆ ಹಾಕಿರಬೇಕು. ದರಪಟ್ಟಿ ಎಲ್ಲಿದೆ ಎಂದು ಕೇಳಿದ ತಕ್ಷಣ ಎಷ್ಟೋ ಕಡೆ ಕೌನ್ಸೆಲರ್, ಅಂದರೆ ಪ್ಯಾಕೇಜ್ ಮಾರಲು ಕೂತವರ, ಮಾತಿನ ಧಾಟಿ ಬದಲಾಗುತ್ತದೆ. ಪಟ್ಟಿಯಲ್ಲಿ ಬೆಲೆ ನಿಗದಿಯಾಗಿದ್ದರೆ 'ಇವತ್ತಿಗೆ ಮಾತ್ರ' ಎನ್ನಲು ಜಾಗ ಎಲ್ಲಿರುತ್ತದೆ?

ಹಂತ 4: ಕ್ಯಾಮೆರಾಕ್ಕೆ ಹೆದರಬೇಡಿ

ತಲೆಗೆ ಪೆನ್ನಿನಂಥ ಒಂದು ಕ್ಯಾಮೆರಾ ಒತ್ತುತ್ತಾರೆ. ದೊಡ್ಡ ಪರದೆಯಲ್ಲಿ ನಿಮ್ಮ ನೆತ್ತಿ ಚಂದ್ರನ ನೆಲದ ಹಾಗೆ ಕಾಣುತ್ತದೆ. ಎಣ್ಣೆ ಜಿಡ್ಡು, ಹೊಟ್ಟು, ಗುಳಿ. 'ನೋಡಿ ಸರ್, ಇಲ್ಲೆಲ್ಲ ಬೇರು ಬ್ಲಾಕ್ ಆಗಿದೆ.' ಎದೆ ಧಸಕ್ ಎನ್ನುತ್ತದೆ.

ಅಷ್ಟು ದೊಡ್ಡದು ಮಾಡಿದರೆ ಯಾರ ತಲೆಯಾದರೂ ಹಾಗೇ ಕಾಣುತ್ತದೆ. ಕೌನ್ಸೆಲರ್ ತಲೆಗೂ ಒಮ್ಮೆ ಇಟ್ಟು ತೋರಿಸಲು ಹೇಳಿ, ತಮಾಷೆಗಲ್ಲ. ಉಪಕರಣ ಸುಳ್ಳಲ್ಲ. ಚರ್ಮದ ಡಾಕ್ಟರುಗಳೂ ಟ್ರೈಕೋಸ್ಕೋಪಿ ಮಾಡುತ್ತಾರೆ. ಅವರು ನೋಡುವುದು ದಪ್ಪ ಕೂದಲು ಎಷ್ಟು, ಸಣ್ಣಗಾದ ಕೂದಲು ಎಷ್ಟು, ಒಂದೊಂದು ರಂಧ್ರದಿಂದ ಎಷ್ಟು ಕೂದಲು ಬಂದಿವೆ ಎಂಬುದನ್ನು. ಇಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಂದು ಕೆಲಸ ಇದೆ. 'ಹಿಂದಲೆಯದ್ದನ್ನೂ ತೋರಿಸಿ' ಎನ್ನಿ. ವಂಶದ ಬೊಕ್ಕತಲೆ ಸಾಮಾನ್ಯವಾಗಿ ಹಿಂದಲೆಯನ್ನು ಮುಟ್ಟುವುದಿಲ್ಲ. ಎರಡೂ ಚಿತ್ರ ಪಕ್ಕಪಕ್ಕ ಇಟ್ಟರೆ ನೆತ್ತಿಯ ಕೂದಲು ನಿಜಕ್ಕೂ ಸಣ್ಣಗಾಗಿದೆಯಾ ಎಂದು ನಿಮ್ಮ ಕಣ್ಣಿಗೇ ಕಾಣುತ್ತದೆ. ಎರಡೂ ಒಂದೇ ತರಹ ಇದ್ದರೆ ಬೇರೆ ಕಾರಣ ಹುಡುಕಬೇಕು. ಆ ಚಿತ್ರಗಳ ಪ್ರತಿ ಕೇಳಿ ತೆಗೆದುಕೊಳ್ಳಿ.

ಹಂತ 5: ಗಾಳದ ಮಾತು ಗುರುತಿಸಿ

'ನೀವು ಆಗಲೇ ಸ್ಟೇಜ್ ಮೂರು ಸರ್.' ಇದು ನಾರ್ವುಡ್ ಮಾಪನದ ಮಾತು. ಗಂಡಸರ ಬೊಕ್ಕತಲೆಯನ್ನು ಒಂದರಿಂದ ಏಳರವರೆಗೆ ಗುರುತಿಸುತ್ತಾರೆ. 1950ರ ದಶಕದಲ್ಲಿ ಹ್ಯಾಮಿಲ್ಟನ್ ಶುರು ಮಾಡಿದ್ದನ್ನು 1975ರಲ್ಲಿ ನಾರ್ವುಡ್ ತಿದ್ದಿದರು. ಆಕಾರ ಹೇಳುವ ಅಳತೆ ಅದು, ಕ್ಯಾನ್ಸರ್ ಸ್ಟೇಜಿನ ಹಾಗೆ ಗಡುವು ಹೇಳುವುದಲ್ಲ. ಸ್ಟೇಜ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಮಗೆ ಆಸ್ಪತ್ರೆ ನೆನಪಾಗುತ್ತದೆ ಎಂಬುದು ಅವರಿಗೂ ಗೊತ್ತು.

'ಇನ್ನು ಎರಡು ತಿಂಗಳು ಬಿಟ್ರೆ ಬೇರು ಸತ್ತೋಗುತ್ತೆ.' ವಂಶದ ಬೊಕ್ಕತಲೆ ವರ್ಷಗಟ್ಟಲೆ ನಡೆಯುವ ವಿಷಯ. ಬೇಗ ಶುರು ಮಾಡಿದರೆ ಒಳ್ಳೆಯದು, ನಿಜ. ಆದರೆ ಒಂದು ವಾರ ಯೋಚನೆ ಮಾಡಿದರೆ ಏನೂ ಮುಳುಗುವುದಿಲ್ಲ. ಮೇಲೆ ಹೇಳಿದ ಉರಿ, ಕೀವು, ಕಲೆಯ ಕಾಯಿಲೆಯಾದರೆ ತಡ ಮಾಡಬಾರದು. ಆಗಲೂ ಓಡಬೇಕಾದದ್ದು ಡಾಕ್ಟರ ಹತ್ತಿರ.

'ನೂರಕ್ಕೆ ನೂರು ಗ್ಯಾರಂಟಿ.' ಈ ಮಾತು ಬಂದರೆ ಎದ್ದುಬಿಡಿ. ನಮ್ಮ ದೇಶದ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಎಂಬ ಪಟ್ಟಿ ಇದೆ. ಯಾವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಎಂದು ಔಷಧದವರು ಹೇಳಿಕೊಳ್ಳುವಂತಿಲ್ಲ ಎಂಬ ಪಟ್ಟಿ ಅದು. ಬೊಕ್ಕತಲೆ ಅದರಲ್ಲಿದೆ. ಹೊಸ ಕೂದಲು ಬೆಳೆಸುವುದೂ ಅದರಲ್ಲಿದೆ. ಕಾಡಿನ ಎಣ್ಣೆಯಿಂದ ಹಿಡಿದು ನಟರ ಜಾಹೀರಾತಿನವರೆಗೆ ದಿನಾ ಕೇಳುವ ಮಾತಿಗೆ ಈ ನಿಯಮ ಹಿಡಿದು ನೋಡಿದರೆ ನಗು ಬರುತ್ತದೆ.

'ಮ್ಯಾನೇಜರ್ ಹತ್ರ ಕೇಳಿ ಬರ್ತೀನಿ.' ಒಳಗೆ ಹೋಗಿ ಬಂದು ಹದಿನೈದು ಸಾವಿರ ಇಳಿಸುತ್ತಾರೆ. ಚಿಕ್ಕಪೇಟೆಯಲ್ಲಿ ಸೀರೆ ಚೌಕಾಸಿ ಮಾಡಿದವರಿಗೆ ಈ ಆಟ ಹೊಸದಲ್ಲ. ಅಲ್ಲಿ ಎದ್ದು ಹೊರಡುತ್ತೇವೆ, ಇಲ್ಲಿ ಮಾತ್ರ ಯಾಕೋ ಕೂತುಬಿಡುತ್ತೇವೆ. ನನಗೆ ಬಂದ ಇವತ್ತಿನ ಆಫರ್ ಮೂರು ವಾರ ಆದ ಮೇಲೂ ಫೋನಿನಲ್ಲಿ ಬರುತ್ತಿತ್ತು. ಕೊನೆಯ ಸಲ 38,000ಕ್ಕೆ ಇಳಿದಿತ್ತು.

ಮದುವೆಯ ಪ್ರಶ್ನೆ ಬಂದರೆ ಒಂದೇ ಉತ್ತರ ಸಾಕು: 'ಅದಕ್ಕೂ ಚಿಕಿತ್ಸೆಗೂ ಏನು ಸಂಬಂಧ ಮೇಡಂ?'

ಹಂತ 6: ಪ್ಯಾಕೇಜಿನ ಗಂಟು ಬಿಚ್ಚಿ

ಪ್ಯಾಕೇಜಿಗೆ ಚಂದದ ಹೆಸರು ಇಟ್ಟಿರುತ್ತಾರೆ. ಒಳಗೆ ಏನಿದೆ, ಒಂದೊಂದರ ಬೆಲೆ ಎಷ್ಟು ಎಂದು ಬರೆದು ಕೊಡಲು ಹೇಳಿ. ಬಿಚ್ಚಿ ನೋಡಿದರೆ ಬಹಳ ಸಲ ಒಳಗಿರುವುದು ಇವು.

ಮಿನಾಕ್ಸಿಡಿಲ್. ಇದು ಮೊದಲು ಬಿಪಿ ಮಾತ್ರೆ. ತೆಗೆದುಕೊಂಡವರಿಗೆ ಮೈಯೆಲ್ಲ ಕೂದಲು ಬಂತು, ಹಾಗಾಗಿ ತಲೆಗೆ ಹಚ್ಚುವ ದ್ರವವಾಯಿತು. ಔಷಧಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1988ರಲ್ಲಿ ಒಪ್ಪಿಗೆ ಕೊಟ್ಟಿತು. ವಂಶದ ಬೊಕ್ಕತಲೆಗೆ ಸಾಕ್ಷ್ಯ ಇರುವ ಔಷಧ. ಮೆಡಿಕಲ್ ಸ್ಟೋರಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನೇ ಬೇರೆ ಬಾಟಲಿಗೆ ಹಾಕಿ, ಚೀಟಿ ಅಂಟಿಸಿ, 'ನಮ್ಮ ಸ್ಪೆಷಲ್ ಸೀರಂ' ಎಂದು ನಾಲ್ಕು ಪಟ್ಟು ಬೆಲೆಗೆ ಕೊಡುವುದುಂಟು. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ. ಹಚ್ಚಲು ಶುರು ಮಾಡಿದ ಮೊದಲ ಕೆಲವು ವಾರ ಉದುರುವುದು ಜಾಸ್ತಿ ಆಗಬಹುದು, ಅದು ಮಾಮೂಲಿ. ಈ ವಿಷಯ ಮೊದಲೇ ಹೇಳದೆ, ಉದುರಿದಾಗ 'ಪ್ಯಾಕೇಜ್ ಅಪ್‌ಗ್ರೇಡ್ ಮಾಡೋಣ' ಎನ್ನುವವರಿದ್ದಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಹಾಗಾಗಿ 'ಒಂದು ವರ್ಷದ ಕೋರ್ಸ್, ಆಮೇಲೆ ಚಿಂತೆ ಇಲ್ಲ' ಎಂಬ ಮಾತಿಗೆ ಅರ್ಥವೇ ಇಲ್ಲ.

ಫಿನಾಸ್ಟರೈಡ್. ಗಂಡಸರಿಗೆ ಕೊಡುವ 1 ಮಿಲಿಗ್ರಾಂ ಮಾತ್ರೆ. ಎಫ್‌ಡಿಎ ಒಪ್ಪಿದ್ದು 1997ರಲ್ಲಿ. ಡಿಎಚ್‌ಟಿ ತಗ್ಗಿಸುತ್ತದೆ, ಕೆಲಸ ಮಾಡುತ್ತದೆ. ಆದರೆ ಕೆಲವರಿಗೆ ಲೈಂಗಿಕ ಆಸಕ್ತಿ ತಗ್ಗುವುದು, ಮನಸ್ಸು ಕುಗ್ಗುವುದು ಮುಂತಾದ ಅಡ್ಡಪರಿಣಾಮ ಆಗಬಹುದು. ಬಸುರಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂ ಬಾರದು. ಇದನ್ನು ಡಾಕ್ಟರು ನಿಮ್ಮ ಜೊತೆ ಕೂತು ಮಾತಾಡಿ ಬರೆಯಬೇಕು. ಕೌನ್ಸೆಲರ್ ಕಿಟ್ಟಿನಲ್ಲಿ ಹೆಸರಿಲ್ಲದ ಮಾತ್ರೆ ಕೊಟ್ಟರೆ ಮೊದಲು ಹೆಸರು ಕೇಳಿ.

ಪಿಆರ್‌ಪಿ, ಅಂದರೆ ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ನೆತ್ತಿಗೆ ಚುಚ್ಚುವುದು. ಕೆಲವು ಅಧ್ಯಯನಗಳಲ್ಲಿ ಲಾಭ ಕಂಡಿದೆ. ಆದರೆ ಒಬ್ಬೊಬ್ಬರು ಒಂದೊಂದು ರೀತಿ ತಯಾರಿಸುವುದರಿಂದ ಫಲವೂ ಒಂದೇ ತರಹ ಇಲ್ಲ. ಔಷಧದ ಜೊತೆಗೆ ಮಾಡಿಸಿಕೊಳ್ಳಬಹುದು, ಔಷಧದ ಬದಲಿಗೆ ಅಲ್ಲ. ಮಾಡಿಸುವುದಾದರೆ ಒಂದೊಂದೇ ಸಿಟ್ಟಿಂಗ್‌ಗೆ ದುಡ್ಡು ಕೊಡಿ. ಎಂಟಕ್ಕೆ ಮುಂಗಡ ಬೇಡ. ಇನ್ನು ಎಕ್ಸೋಸೋಮ್ (ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಕಣ), ಸ್ಟೆಮ್ ಸೆಲ್ ಎಂದರೆ ಇನ್ನೂ ಜಾಗ್ರತೆ. ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ತನ್ನ ಒಪ್ಪಿಗೆ ಇಲ್ಲ ಎಂದು ಎಫ್‌ಡಿಎ 2019ರಲ್ಲೇ ಎಚ್ಚರಿಕೆ ಕೊಟ್ಟಿತ್ತು.

ಮಿಕ್ಕ ಶಾಂಪೂ, ಕಂಡಿಷನರ್, ವಿಟಮಿನ್ ಗಮ್ಮಿ, ಬಾಚಣಿಗೆ ಎಲ್ಲ ಗಂಟು ದಪ್ಪ ಕಾಣಲಿ ಎಂದು ತುಂಬಿದ ಹುಲ್ಲು.

ಎಲ್ಲವನ್ನೂ ಹಾಳೆಯಲ್ಲಿ ಕೂಡಿ ನೋಡಿ. ನನಗೆ ಬಂದ 64,000ದಲ್ಲಿ ಅಂಗಡಿಯಲ್ಲಿ ಸಿಗುವ ಔಷಧದ ಪಾಲು ವರ್ಷಕ್ಕೆ ಹತ್ತು ಸಾವಿರವೂ ದಾಟುತ್ತಿರಲಿಲ್ಲ.

ಹಂತ 7: ಕಸಿ ಮಾಡಿಸುವುದಾದರೆ

ಹೇರ್ ಟ್ರಾನ್ಸ್‌ಪ್ಲಾಂಟ್ ಬರೀ ಮಾರಾಟದ ಮಾತಲ್ಲ, ಸರಿಯಾದವರಿಗೆ ಸರಿಯಾದ ಕೈಯಲ್ಲಿ ಚೆನ್ನಾಗಿಯೇ ಆಗುತ್ತದೆ. ಆದರೆ ಇದು ಸರ್ಜರಿ. ಕಾನ್ಪುರದಲ್ಲಿ ಕಸಿ ಮಾಡಿಸಿಕೊಂಡ ಮೇಲೆ ಇಬ್ಬರು ಇಂಜಿನಿಯರ್‌ಗಳು ಸತ್ತ ಪ್ರಕರಣ 2025ರಲ್ಲಿ ಸುದ್ದಿಯಾಗಿತ್ತು. ತಕ್ಕ ಸರ್ಜಿಕಲ್ ತರಬೇತಿ ಇರುವ ವೈದ್ಯರೇ ಇದನ್ನು ಮಾಡಬೇಕು, ವರ್ಕ್‌ಶಾಪ್‌ನಲ್ಲಿ ಕೂತೋ ಯೂಟ್ಯೂಬ್ ನೋಡಿಯೋ ಕಲಿತರೆ ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಹಾಗಾಗಿ ಕೇಳಿ: ರಂಧ್ರ ಕೊರೆಯುವವರು ಯಾರು, ಕೂದಲು ತೆಗೆಯುವವರು ಯಾರು, ಇಡೀ ದಿನ ಡಾಕ್ಟರು ಕೋಣೆಯಲ್ಲಿ ಇರುತ್ತಾರಾ, ಅರಿವಳಿಕೆ ಯಾರು ಕೊಡುತ್ತಾರೆ, ಏನಾದರೂ ಆದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ. ಉತ್ತರ ಬರವಣಿಗೆಯಲ್ಲಿ ಬರಲಿ.

ಗ್ರಾಫ್ಟ್ ಲೆಕ್ಕದಲ್ಲೂ ಒಂದು ಕೈಚಳಕ ಇದೆ. ಗ್ರಾಫ್ಟ್ ಎಂದರೆ ಬೇರು ಸಮೇತ ತೆಗೆದು ನೆಡುವ ಒಂದು ತುಣುಕು. ಅದರಲ್ಲಿ ಒಂದರಿಂದ ನಾಲ್ಕು ಕೂದಲು, ಸರಾಸರಿ ಎರಡರ ಆಸುಪಾಸು. ಒಬ್ಬರು '4,000 ಕೂದಲು' ಎನ್ನುತ್ತಾರೆ, ಇನ್ನೊಬ್ಬರು '2,000 ಗ್ರಾಫ್ಟ್' ಎನ್ನುತ್ತಾರೆ. ಎರಡೂ ಹೆಚ್ಚು ಕಡಿಮೆ ಒಂದೇ. ಯಾವುದಕ್ಕೆ ರೇಟು ಎಂದು ಬಿಡಿಸಿ ಕೇಳಿ.

ಹಿಂದಲೆಯ ಕೂದಲು ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ. ತೆಗೆದ ಜಾಗದಲ್ಲಿ ಮತ್ತೆ ಬರುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಹಣೆಯ ಮೇಲೆ ತಗ್ಗಿನಲ್ಲಿ ಗೆರೆ ಎಳೆದು ಕಸಿ ಮಾಡಿದರೆ ಹತ್ತು ವರ್ಷದಲ್ಲಿ ಅದರ ಹಿಂದಿನ ಸ್ವಂತ ಕೂದಲು ಹೋಗಬಹುದು. ಆಗ ಮುಂದೆ ಒಂದು ಬೇಲಿ, ಹಿಂದೆ ಖಾಲಿ ಹೊಲ. 'ನಿಮಗೆ ಇನ್ನೂ ವಯಸ್ಸಾಗಿಲ್ಲ, ಮೊದಲು ಔಷಧ ತಗೊಂಡು ಕಾಯಿರಿ' ಎಂದು ಗಿರಾಕಿಯನ್ನು ವಾಪಸ್ ಕಳಿಸುವ ಸರ್ಜನ್ ಸಿಕ್ಕರೆ ಅವರ ನಂಬರ್ ಇಟ್ಟುಕೊಳ್ಳಿ. ಮುಂದೆ ಬೇಕಾದಾಗ ಅವರ ಹತ್ತಿರವೇ ಹೋಗಿ.

ಕಸಿ ಮಾಡಿದ ಕೂದಲು ಕೆಲವು ವಾರಕ್ಕೆ ಉದುರುತ್ತದೆ, ಆಮೇಲೆ ಮೆಲ್ಲಗೆ ಹುಟ್ಟುತ್ತದೆ. ಪೂರ್ತಿ ಫಲ ಕಾಣಲು ಒಂಬತ್ತರಿಂದ ಹನ್ನೆರಡು ತಿಂಗಳು. 'ಮೂರು ತಿಂಗಳಲ್ಲಿ ಮದುವೆಗೆ ರೆಡಿ' ಎಂಬುದು ಆಗದ ಮಾತು.

ಹಂತ 8: ದುಡ್ಡು, ಇಎಂಐ, ಸಹಿ

ಮೊದಲ ಭೇಟಿಯಲ್ಲಿ ಒಂದು ರೂಪಾಯಿಯನ್ನೂ ಕಟ್ಟಬೇಡಿ. 'ಸ್ಲಾಟ್ ಹಿಡಿಯಲು ಬರೀ ಸಾವಿರ' ಎಂದರೂ ಬೇಡ. ಕಾರ್ಡ್ ಮನೆಯಲ್ಲೇ ಬಿಟ್ಟು ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಕೂದಲು ಚೆನ್ನಾಗಿರುವ ಗೆಳೆಯನಾದರೆ ಉತ್ತಮ. ಅವನಿಗೆ ಭಯ ಇರುವುದಿಲ್ಲ, ತಲೆ ಸರಿಯಾಗಿ ಓಡುತ್ತದೆ.

'ನೋ ಕಾಸ್ಟ್ ಇಎಂಐ' ಎಂದರೆ ನಿಮ್ಮ ಹೆಸರಿನಲ್ಲಿ ಸಾಲ. ಸಾಲ ಕೊಟ್ಟ ಕಂಪನಿ ಪೂರ್ತಿ ದುಡ್ಡನ್ನು ಕ್ಲಿನಿಕ್‌ಗೆ ಆಗಲೇ ಕೊಟ್ಟಿರುತ್ತದೆ. ನೀವು ಮೂರನೇ ಸಿಟ್ಟಿಂಗ್‌ಗೆ ಬಿಟ್ಟರೂ, ಕ್ಲಿನಿಕ್ ಬಾಗಿಲು ಹಾಕಿದರೂ ಕಂತು ನಿಲ್ಲುವುದಿಲ್ಲ. ಕಂತು ತಪ್ಪಿದರೆ ನಾಳೆ ಮನೆ ಸಾಲಕ್ಕೆ ಹೋದಾಗ ಅದು ಎದುರಿಗೆ ಬರುತ್ತದೆ. ಓಟಿಪಿ ಹೇಳಿದರೆ ಅದೂ ಸಹಿಯೇ. ಯಾರಾದರೂ 'ಬರೀ ಎಲಿಜಿಬಿಲಿಟಿ ಚೆಕ್ ಸರ್' ಎಂದು ಓಟಿಪಿ ಕೇಳಿದರೆ ಕೊಡಬೇಡಿ. ಆಪ್ ಮೂಲಕ ಆಗಲೇ ಸಾಲ ಆಗಿಹೋಗಿದ್ದರೆ ಅದೇ ದಿನ 'ಕೂಲಿಂಗ್ ಆಫ್' ಅವಧಿ ಎಷ್ಟು ಎಂದು ನೋಡಿ. ಡಿಜಿಟಲ್ ಸಾಲಕ್ಕೆ ಅಂಥ ಅವಧಿ ಇರಲೇಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆ ಅವಧಿಯೊಳಗೆ ಅಸಲು ಮತ್ತು ಆ ಕೆಲವು ದಿನಗಳ ಬಡ್ಡಿ ಕಟ್ಟಿ ದಂಡ ಇಲ್ಲದೆ ಹೊರಗೆ ಬರಬಹುದು.

ಒಪ್ಪಂದ ಪತ್ರವನ್ನು ಮನೆಗೆ ತಂದು ಓದಿ. ಕೊಡುವುದಿಲ್ಲ ಎಂದರೆ ಅಲ್ಲಿಗೆ ಮಾತು ಮುಗಿಯಿತು. ನೋಡಬೇಕಾದದ್ದು: ನಡುವೆ ಬಿಟ್ಟರೆ ಎಷ್ಟು ವಾಪಸ್, ಫಲ ಬರದಿದ್ದರೆ ಏನು, ಫಲ ಅಳೆಯುವವರು ಯಾರು. 'ರಿಫಂಡ್ ಇಲ್ಲ' ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ.

ಹಂತ 9: ಆಗಲೇ ಕಟ್ಟಿಬಿಟ್ಟಿದ್ದರೆ

ನಾಚಿಕೆಪಟ್ಟು ಸುಮ್ಮನಾಗಬೇಡಿ. ಅವರು ನೆಚ್ಚಿಕೊಂಡಿರುವುದೇ ನಿಮ್ಮ ನಾಚಿಕೆಯನ್ನು. ಬೊಕ್ಕತಲೆಯ ವಿಷಯ ಹಿಡಿದುಕೊಂಡು ಯಾರು ಕೋರ್ಟಿಗೆ ಹೋಗುತ್ತಾರೆ ಎಂಬ ಲೆಕ್ಕ ಅವರದು.

ಮೊದಲು ಬಿಲ್ಲು, ವಾಟ್ಸಾಪ್ ಮಾತು, ಜಾಹೀರಾತಿನ ಸ್ಕ್ರೀನ್‌ಶಾಟ್, ಫೋಟೋ ಎಲ್ಲ ಒಂದೆಡೆ ಸೇರಿಸಿ. ಆಮೇಲೆ ಕ್ಲಿನಿಕ್‌ನಿಂದ ನಿಮ್ಮ ವೈದ್ಯಕೀಯ ದಾಖಲೆಗಳನ್ನು ಬರವಣಿಗೆಯಲ್ಲಿ ಕೇಳಿ. ಕೇಳಿದ 72 ಗಂಟೆಯೊಳಗೆ ವೈದ್ಯರು ಅದನ್ನು ಕೊಡಬೇಕು ಎಂದು 2002ರ ವೈದ್ಯಕೀಯ ನಡತೆಯ ನಿಯಮಗಳು ಹೇಳುತ್ತವೆ. ದಾಖಲೆಯಲ್ಲಿ ಕಾಯಿಲೆಯ ಹೆಸರೇ ಇಲ್ಲದಿದ್ದರೆ ಅದೇ ನಿಮ್ಮ ದೊಡ್ಡ ಸಾಕ್ಷಿ.

ನಡೆಯದ ಸಿಟ್ಟಿಂಗ್‌ಗಳ ದುಡ್ಡು ವಾಪಸ್ ಬೇಕೆಂದು ಈಮೇಲ್ ಕಳಿಸಿ, ಹದಿನೈದು ದಿನ ಕೊಡಿ. ಫೋನಿನಲ್ಲಿ ಮಾತಾಡಿದ್ದಕ್ಕೆ ಬೆಲೆ ಇಲ್ಲ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದರಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ಗ್ರಾಹಕ ದೂರುಗಳ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಹಾಕಬಹುದು. ಗಡುವು ಎರಡು ವರ್ಷ. ಚಿಕಿತ್ಸೆ ಕೊಟ್ಟವರು ಡಾಕ್ಟರೇ ಅಲ್ಲ ಎಂದು ಗೊತ್ತಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬೇರೆ ದೂರು ಕೊಡಿ, ಕೆಪಿಎಂಇ ನೋಂದಣಿಯ ವಿಷಯ ಅವರಿಗೆ ಸೇರಿದ್ದು. ಡಾಕ್ಟರ ತಪ್ಪೇ ಆಗಿದ್ದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ.

ದೂರು ಕೊಟ್ಟ ಮೇಲೂ, ಕೊಡದಿದ್ದರೂ, ಮಾರಾಟದ ಕರೆಗಳು ಬರುತ್ತಲೇ ಇರುತ್ತವೆ. ಅದಕ್ಕೆ 1909ಕ್ಕೆ ಕರೆ ಮಾಡಿ ಡಿಎನ್‌ಡಿ, ಅಂದರೆ ಮಾರಾಟದ ಕರೆ ಬೇಡ ಎಂಬ ನೋಂದಣಿ, ಹಾಕಿಸಿ. ಆಮೇಲೂ ಬಂದರೆ ನಂಬರ್, ದಿನಾಂಕ ಬರೆದಿಟ್ಟು ಏಳು ದಿನದೊಳಗೆ ಅಲ್ಲೇ ದೂರು ಕೊಡಿ.